ಫೌಂಡೇಶನ್‌ಗೆ ಕೊಟ್ಟ ಡಾಲರ್ ತರಗತಿ ಮುಟ್ಟುವ ದಾರಿ

ಆಗಸ್ಟ್‌ನಲ್ಲಿ ಶಾಲೆ ಶುರುವಾಗುತ್ತಿದ್ದ ಹಾಗೆ ಕ್ಯಾಲಿಫೋರ್ನಿಯಾದ ಎಷ್ಟೋ ಊರುಗಳಲ್ಲಿ ಪೋಷಕರಿಗೆ ಎರಡು ಕೋರಿಕೆ ಪತ್ರ ಬರುತ್ತವೆ. ಒಂದು ಶಾಲೆಯ ಪೋಷಕ-ಶಿಕ್ಷಕರ ಸಂಘವಾದ ಪಿಟಿಎಯದು, ಇನ್ನೊಂದು ಪಬ್ಲಿಕ್ ಶಾಲೆಗಳಿಗೆ ದೇಣಿಗೆ ಎತ್ತುವ ಎಜುಕೇಶನ್ ಫೌಂಡೇಶನ್‌ದು. ಎರಡನೆಯದರಲ್ಲಿ ಸಾಮಾನ್ಯವಾಗಿ ‘ಒಂದು ಮಗುವಿಗೆ ಇಷ್ಟು ಡಾಲರ್’ ಎಂಬ ಸೂಚನೆಯೂ ಇರುತ್ತದೆ. ಭಾರತದ ಕ್ಯಾಪಿಟೇಶನ್ ಶುಲ್ಕದ ನೆನಪು ಇನ್ನೂ ಇರುವವರಿಗೆ ಅನುಮಾನ ಬರುವುದು ಸಹಜ: ಪಬ್ಲಿಕ್ ಶಾಲೆ ಪೂರ್ತಿ ಉಚಿತ ಅಂದರಲ್ಲ, ಮತ್ತೆ ಇದೇನು?

ಕೊಡಲೇಬೇಕೆಂದಿಲ್ಲ. ಇದು ಬಾಯಿಮಾತಲ್ಲ, ನ್ಯಾಯಾಲಯದ ತೀರ್ಪು. ಸ್ಯಾಂಟಾ ಬಾರ್ಬರಾದ ಹೈಸ್ಕೂಲ್ ಡಿಸ್ಟ್ರಿಕ್ಟ್ (ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ನಾಟಕ, ಸಂಗೀತ, ಕ್ರೀಡೆಗಳಿಗೆ ಒಂದೊಂದು ಚಟುವಟಿಕೆಗೆ 25 ಡಾಲರ್ ಶುಲ್ಕ ಹಾಕಿತ್ತು. 1984ರಲ್ಲಿ ಹಾರ್ಟ್ಜೆಲ್ ವಿರುದ್ಧ ಕಾನೆಲ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಬಡ ಮಕ್ಕಳಿಗೆ ಮಾಫಿ ಇದೆಯಲ್ಲ ಎಂಬ ವಾದವನ್ನೂ ಕೋರ್ಟ್ ಒಪ್ಪಲಿಲ್ಲ. ಉಚಿತ ಎಂದರೆ ಎಲ್ಲರಿಗೂ ಉಚಿತ. 2012ರಲ್ಲಿ ಬಂದ ಇನ್ನೊಂದು ಕಾನೂನು, ಹೀಗೆ ಶುಲ್ಕ ಕೇಳಿದರೆ ಪೋಷಕರು ದೂರು ಕೊಡುವ ದಾರಿಯನ್ನೂ ಗೊತ್ತುಮಾಡಿತು. ಹಾಗಾಗಿ ಫೌಂಡೇಶನ್ ಕೇಳಬಹುದು, ನೆನಪಿಸಬಹುದು. ಆದರೆ ಕೊಡದವರ ಮಗುವನ್ನು ಯಾವ ತರಗತಿಯಿಂದಲೂ ಹೊರಗಿಡುವಂತಿಲ್ಲ. ಪ್ರವಾಸಕ್ಕೂ ಇದೇ ನಿಯಮ. ಅರವತ್ತು ಮಕ್ಕಳಲ್ಲಿ ನಲವತ್ತು ಮನೆಯವರು ಮಾತ್ರ ಹಣ ಕೊಟ್ಟರೆ ಒಂದೋ ಅರವತ್ತೂ ಮಕ್ಕಳನ್ನು ಕರೆದೊಯ್ಯಬೇಕು, ಇಲ್ಲವೇ ಪ್ರವಾಸವನ್ನೇ ರದ್ದು ಮಾಡಬೇಕು. ಉಳಿದ ಇಪ್ಪತ್ತು ಮಕ್ಕಳ ಖರ್ಚು ತುಂಬುವುದು ಹೆಚ್ಚಾಗಿ ಪಿಟಿಎ ಅಥವಾ ಫೌಂಡೇಶನ್ನೇ.

ಇಂಥ ಸಂಸ್ಥೆಗಳು ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ದಟ್ಟವಾಗಿ ಬೆಳೆದದ್ದಕ್ಕೆ ಕಾರಣ ಎಪ್ಪತ್ತರ ದಶಕದಲ್ಲಿದೆ. ಅದಕ್ಕೂ ಮುಂಚೆ ಊರಿನ ಆಸ್ತಿ ತೆರಿಗೆಯೇ ಶಾಲೆಯ ಹಣದ ಮುಖ್ಯ ಮೂಲವಾಗಿತ್ತು. ಶ್ರೀಮಂತ ಊರಿಗೆ ಶ್ರೀಮಂತ ಶಾಲೆ ಎಂಬ ಆ ಲೆಕ್ಕವನ್ನು ಸೆರಾನೊ ಪ್ರಕರಣದ 1971 ಮತ್ತು 1976ರ ತೀರ್ಪುಗಳು ತಳ್ಳಿಹಾಕಿದವು. 1978ರ ಜೂನ್‌ನಲ್ಲಿ ಮತದಾರರು ಪ್ರೊಪೊಸಿಶನ್ 13 ಎಂಬ, ಜನರೇ ನೇರವಾಗಿ ಮತ ಹಾಕುವ ಪ್ರಸ್ತಾವವನ್ನು ಪಾಸು ಮಾಡಿದರು. ಆಸ್ತಿ ತೆರಿಗೆಯ ದರ 1 ಪರ್ಸೆಂಟಿಗೆ ನಿಂತಿತು, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 2 ಪರ್ಸೆಂಟಿಗಿಂತ ಹೆಚ್ಚು ಏರದಂತಾಯಿತು, ಶಾಲೆಗಳ ಹಣದ ಕೀಲಿಕೈ ರಾಜ್ಯದ ಕೈಗೆ ಹೋಯಿತು. ಅಂದಿನಿಂದ ‘ನಮ್ಮೂರ ಶಾಲೆಗೆ ಇನ್ನಷ್ಟು ಬೇಕು’ ಅನ್ನುವವರಿಗೆ ಉಳಿದದ್ದು ಎರಡೇ ದಾರಿ. ಮೂರನೇ ಎರಡರಷ್ಟು ಮತ ಬೇಕಾಗುವ ಪಾರ್ಸೆಲ್ ಟ್ಯಾಕ್ಸ್ (ಒಂದೊಂದು ಆಸ್ತಿಗೆ ಇಷ್ಟು ಎಂದು ಹಾಕುವ ಸ್ಥಳೀಯ ತೆರಿಗೆ) ಒಂದು, ಜನ ತಾವಾಗಿಯೇ ಕೊಡುವ ದೇಣಿಗೆ ಇನ್ನೊಂದು. ಪಾಲೊ ಆಲ್ಟೊದಂಥ, ಸ್ಥಳೀಯ ತೆರಿಗೆಯೇ ರಾಜ್ಯದ ಮಿತಿಯನ್ನು ಮೀರಿ ಬರುವ ಡಿಸ್ಟ್ರಿಕ್ಟ್‌ಗಳಲ್ಲೂ ಫೌಂಡೇಶನ್ ಇದೆ ಅನ್ನುವುದು ಬೇರೆ ಮಾತು.

ಫೌಂಡೇಶನ್ ಡಿಸ್ಟ್ರಿಕ್ಟ್‌ನ ಇಲಾಖೆಯಲ್ಲ. ಅದು 501(ಸಿ)(3) ವರ್ಗದ, ಅಂದರೆ ತೆರಿಗೆ ವಿನಾಯಿತಿ ಇರುವ, ಸ್ವತಂತ್ರ ಸೇವಾ ಸಂಸ್ಥೆ. ತನ್ನದೇ ಬೋರ್ಡ್, ತನ್ನದೇ ಬ್ಯಾಂಕ್ ಖಾತೆ, ತನ್ನದೇ ತೆರಿಗೆ ಫೈಲಿಂಗ್. ಡಿಸ್ಟ್ರಿಕ್ಟ್ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಈ ಬೋರ್ಡಿನ ಸಭೆಯಲ್ಲಿ ಕೂರುವುದುಂಟು, ಬಹಳ ಕಡೆ ಮತ ಹಾಕುವ ಹಕ್ಕಿಲ್ಲದೆ. ಪಿಟಿಎ ಒಂದು ಶಾಲೆಯದು. ಫೌಂಡೇಶನ್ ಸಾಮಾನ್ಯವಾಗಿ ಇಡೀ ಡಿಸ್ಟ್ರಿಕ್ಟ್‌ನದು. ಬೂಸ್ಟರ್ ಕ್ಲಬ್ ಒಂದು ಬ್ಯಾಂಡಿನದೋ ಒಂದು ಟೀಮಿನದೋ. ಒಂದೇ ಊರಲ್ಲಿ ಮೂರೂ ಇರುತ್ತವೆ, ಮೂರೂ ಅದೇ ಮನೆಗಳ ಬಾಗಿಲು ತಟ್ಟುತ್ತವೆ. ಯಾರು ಯಾವ ತಿಂಗಳು ಕೇಳಬೇಕು ಅಂತ ಮೊದಲೇ ಮಾತಾಡಿಕೊಳ್ಳದ ಊರುಗಳಲ್ಲಿ ಸೆಪ್ಟೆಂಬರ್ ಹೊತ್ತಿಗೇ ಪೋಷಕರು ಇಮೇಲ್ ತೆರೆಯುವುದನ್ನು ಬಿಟ್ಟಿರುತ್ತಾರೆ.

ಈ ಹಣದಿಂದ ಆಗುವ ಕೆಲಸ ಎರಡು ಜಾತಿಯದು: ವಸ್ತು ಕೊಳ್ಳುವುದು, ಮನುಷ್ಯರಿಗೆ ಸಂಬಳ ಕೊಡುವುದು. ಎರಡಕ್ಕೂ ಬೇಕಾದ ಹಣದ ಸ್ವಭಾವ ಬೇರೆ, ಕ್ಯಾಲೆಂಡರ್ ಬೇರೆ. ಫೌಂಡೇಶನ್‌ಗಳು ಮುಗ್ಗರಿಸುವುದು ಬಹುಪಾಲು ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿದಾಗ.

ವಸ್ತುವಿನ ಕಡೆಯದು ಮಿನಿ ಗ್ರಾಂಟ್. ಶಿಕ್ಷಕರು ಅರ್ಜಿ ಹಾಕುತ್ತಾರೆ, ಸಮಿತಿ ಹೆಸರು ಮುಚ್ಚಿ ಅಂಕ ಹಾಕುತ್ತದೆ, ಕೆಲವು ನೂರರಿಂದ ಕೆಲವು ಸಾವಿರ ಡಾಲರ್‌ವರೆಗೆ ಮಂಜೂರಾಗುತ್ತದೆ. ಕೇಳುವುದಕ್ಕೆ ಸರಳ. ಒಂದು ಅರ್ಜಿಯನ್ನು ಹತ್ತಿರದಿಂದ ನೋಡೋಣ. ಐದನೇ ತರಗತಿಗೆ 8 ಮೈಕ್ರೋಸ್ಕೋಪ್, ಒಂದಕ್ಕೆ 150 ಡಾಲರ್, ಒಟ್ಟು 1,200 ಅಂತ ಬರೆದಿದೆ ಅಂದುಕೊಳ್ಳಿ. ಮೊದಲ ತಪ್ಪು ಇಲ್ಲೇ ಇದೆ. ಹಲವು ರಾಜ್ಯಗಳಲ್ಲಿ ಪಬ್ಲಿಕ್ ಶಾಲೆಗೆ ಸೇಲ್ಸ್ ಟ್ಯಾಕ್ಸ್ ವಿನಾಯಿತಿ ಇದೆ, ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ರಾಜ್ಯದ ಕನಿಷ್ಠ ದರವೇ 7.25 ಪರ್ಸೆಂಟ್, ಊರಿನದು ಅದರ ಮೇಲೆ. 9 ಪರ್ಸೆಂಟ್ ಹಿಡಿದರೆ 108 ಡಾಲರ್. ಸಾಗಣೆ 60. ಗಾಜಿನ ಸ್ಲೈಡು, ಕವರ್ ಸ್ಲಿಪ್, ಲೆನ್ಸ್ ಒರೆಸುವ ಕಾಗದ ಸೇರಿ 90. ಅಲ್ಲಿಗೆ 1,458. ಮಂಜೂರಾದದ್ದು 1,200 ಮಾತ್ರ, ಹಾಗಾಗಿ ಆರು ಮೈಕ್ರೋಸ್ಕೋಪ್ ಬರುತ್ತವೆ. 28 ಮಕ್ಕಳ ತರಗತಿಯಲ್ಲಿ ಎಂಟಿದ್ದರೆ ಮೂರು ನಾಲ್ಕು ಮಕ್ಕಳಿಗೆ ಒಂದು. ಆರಾದರೆ ನಾಲ್ಕೈದು ಮಕ್ಕಳಿಗೆ ಒಂದು. ಐದನೆಯ ಮಗು ಏನೂ ನೋಡದೆ ನೋಟ್ ಬರೆಯುತ್ತಾ ಕೂರುತ್ತದೆ. ಅರ್ಜಿಯ ನಮೂನೆಯಲ್ಲಿ ತೆರಿಗೆ, ಸಾಗಣೆ, ಬಳಸಿ ಮುಗಿಯುವ ಸಾಮಾನು ಎಂಬ ಮೂರು ಕಡ್ಡಾಯ ಸಾಲುಗಳಿದ್ದರೆ ಈ ಸಮಸ್ಯೆ ಬಹುತೇಕ ಅಲ್ಲೇ ಬಗೆಹರಿಯುತ್ತದೆ.

ಎರಡನೆಯ ತೊಡಕು ಮಾಲೀಕತ್ವ. ಗ್ರಾಂಟ್ ಬರೆದ ಶಿಕ್ಷಕರು ಬೇರೆ ಶಾಲೆಗೆ ವರ್ಗವಾದರೆ ಮೈಕ್ರೋಸ್ಕೋಪ್ ಅವರ ಜೊತೆ ಹೋಗುತ್ತದೆಯೇ, ಇಲ್ಲೇ ಉಳಿಯುತ್ತದೆಯೇ? ದಾನವಾಗಿ ಬಂದ ಉಪಕರಣ ಡಿಸ್ಟ್ರಿಕ್ಟ್‌ನ ಆಸ್ತಿಯಾಗುತ್ತದೆ, ಸ್ಕೂಲ್ ಬೋರ್ಡ್ ತನ್ನ ಸಭೆಯಲ್ಲಿ ಅದನ್ನು ಸ್ವೀಕರಿಸುತ್ತದೆ. ಯಾವ ಶಾಲೆಯಲ್ಲಿರಬೇಕು ಅನ್ನುವುದನ್ನು ಮಂಜೂರಾತಿ ಪತ್ರದಲ್ಲೇ ಒಂದು ಸಾಲಲ್ಲಿ ಬರೆದುಬಿಡಬೇಕು. ಬರೆಯದಿದ್ದರೆ ಮುಂದಿನ ಜೂನ್‌ನಲ್ಲಿ ಬೀಗ ಹಾಕಿದ ಬೀರುವಿನ ಮುಂದೆ ಜಗಳ ನಡೆಯುತ್ತದೆ.

ಮೂರನೆಯದು ಸಾಫ್ಟ್‌ವೇರ್. ಮಕ್ಕಳ ಹೆಸರು, ಇಮೇಲ್ ಕೇಳುವ ಯಾವುದೇ ಆ್ಯಪ್‌ಗೆ ಡಿಸ್ಟ್ರಿಕ್ಟ್‌ನ ಟೆಕ್ನಾಲಜಿ ವಿಭಾಗದ ಒಪ್ಪಿಗೆ ಬೇಕು, ಕಂಪನಿಯ ಜೊತೆ ವಿದ್ಯಾರ್ಥಿ ಮಾಹಿತಿ ಸುರಕ್ಷತೆಯ ಒಪ್ಪಂದ ಬೇಕು. ಹಣ ಕೊಟ್ಟಾದ ಮೇಲೆ ಒಪ್ಪಿಗೆ ಸಿಗದಿದ್ದರೆ ಆ ಆ್ಯಪ್ ಬಳಕೆಗೆ ಕಟ್ಟಿದ ಚಂದಾ ಹಾಗೇ ಹಾಳು. ಅದಕ್ಕೇ ಅರ್ಜಿಯ ಕೊನೆಯಲ್ಲಿ ಪ್ರಿನ್ಸಿಪಾಲರ ಸಹಿಯ ಪಕ್ಕ ಟೆಕ್ನಾಲಜಿ ವಿಭಾಗದ ಸಹಿಗೂ ಜಾಗ ಇರಬೇಕು. ಚಂದಾ ಇರುವ ಯಾವುದಕ್ಕೂ ಕೇಳಬೇಕಾದ ಪ್ರಶ್ನೆ ಇನ್ನೊಂದು: ಎರಡನೆಯ ವರ್ಷ ಯಾರು ಕಟ್ಟುತ್ತಾರೆ? ಉತ್ತರ ಇಲ್ಲದಿದ್ದರೆ ಮೊದಲ ವರ್ಷವೂ ಬೇಡ ಅನ್ನುವ ಸಮಿತಿ ಕಠಿಣವಾಗಿ ಕಂಡರೂ ಸರಿ.

ಪ್ರವಾಸದ ಗ್ರಾಂಟ್‌ನಲ್ಲಿ ಮ್ಯೂಸಿಯಂ ಟಿಕೆಟ್‌ಗಿಂತ ಬಸ್ಸೇ ದುಬಾರಿ. ಡಿಸ್ಟ್ರಿಕ್ಟ್‌ನ ಹಳದಿ ಬಸ್ಸು ಬೆಳಗಿನ ಸುತ್ತು ಮುಗಿಸಿದ ಮೇಲೆ ಹೊರಟು, ಮಧ್ಯಾಹ್ನದ ಸುತ್ತಿಗೆ ಮೊದಲೇ ವಾಪಸಾಗಬೇಕು. ನಡುವೆ ಸಿಗುವುದು ನಾಲ್ಕೈದು ಗಂಟೆ. ದೂರದ ಜಾಗಕ್ಕೆ ಬಾಡಿಗೆ ಬಸ್ಸೇ ಗತಿ, ಆದರೆ ಸಿಕ್ಕಿದ ಟೂರಿಸ್ಟ್ ಬಸ್ಸು ಆಗುವುದಿಲ್ಲ. ಶಾಲಾ ಮಕ್ಕಳನ್ನು ಕರೆದೊಯ್ಯಲು ಕ್ಯಾಲಿಫೋರ್ನಿಯಾದಲ್ಲಿ ‘ಸ್ಪಾಬ್’ ಎಂಬ ಪ್ರತ್ಯೇಕ ಪ್ರಮಾಣಪತ್ರ ಇರುವ ಬಸ್ಸು, ಚಾಲಕರೇ ಬೇಕು. ಮೇ ತಿಂಗಳಲ್ಲಿ ಎಲ್ಲ ಶಾಲೆಗಳೂ ಅವಕ್ಕೇ ಮುಗಿಬೀಳುತ್ತವೆ.

ಇನ್ನು ಕ್ಯಾಲೆಂಡರ್. ಡಿಸ್ಟ್ರಿಕ್ಟ್‌ನ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30. ಆದರೆ ಖರೀದಿ ವಿಭಾಗ ಏಪ್ರಿಲ್ ಅಥವಾ ಮೇ ಹೊತ್ತಿಗೇ ಹೊಸ ಪರ್ಚೇಸ್ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಡಿಸೆಂಬರಿನಲ್ಲಿ ಗ್ರಾಂಟ್ ಘೋಷಣೆಯಾಗಿ, ಜನವರಿಯಲ್ಲಿ ಬೋರ್ಡ್ ಸ್ವೀಕರಿಸಿ, ಫೆಬ್ರವರಿಯಲ್ಲಿ ಖಾತೆ ಸಂಖ್ಯೆ ಸಿಕ್ಕರೆ ಶಿಕ್ಷಕರ ಕೈಯಲ್ಲಿ ಉಳಿಯುವುದು ಎರಡು ತಿಂಗಳು. ತಾಳ್ಮೆಗೆಟ್ಟು ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಆಮೇಲೆ ರಸೀದಿ ಕೊಡುವವರೂ ಇದ್ದಾರೆ. ಮುಂಗಡ ಒಪ್ಪಿಗೆ ಇಲ್ಲದ ಖರೀದಿಗೆ ಹಣ ವಾಪಸ್ ಕೊಡದ ಡಿಸ್ಟ್ರಿಕ್ಟ್‌ಗಳೇ ಹೆಚ್ಚು. ಅಕ್ಟೋಬರ್ ಕೊನೆಯೊಳಗೆ ಗ್ರಾಂಟ್ ನಿರ್ಧಾರ ಮುಗಿಸುವ ಫೌಂಡೇಶನ್‌ಗೆ ಈ ತಲೆನೋವು ಅರ್ಧದಷ್ಟೂ ಇರುವುದಿಲ್ಲ.

ಸಂಬಳದ ಕಡೆಗೆ ಬಂದರೆ ಲೆಕ್ಕವೇ ಬೇರೆ. ಕರಪತ್ರದಲ್ಲಿ ‘ನಿಮ್ಮ ದೇಣಿಗೆಯಿಂದ ಎಲ್ಲ ಮಕ್ಕಳಿಗೂ ಸಂಗೀತ’ ಅಂತಿರುತ್ತದೆ. ಫೌಂಡೇಶನ್ ತಾನೇ ಶಿಕ್ಷಕರನ್ನು ನೇಮಿಸಿಕೊಳ್ಳುವುದಿಲ್ಲ. ಹಣವನ್ನು ಡಿಸ್ಟ್ರಿಕ್ಟ್‌ಗೆ ಕೊಡುತ್ತದೆ, ನೇಮಕ ಡಿಸ್ಟ್ರಿಕ್ಟ್‌ನದು, ಸಂಬಳದ ಶ್ರೇಣಿ ಯೂನಿಯನ್ ಒಪ್ಪಂದದ್ದು. ಉದಾಹರಣೆಗೆ ಮೂಲ ಸಂಬಳ 80,000 ಡಾಲರ್ ಇಟ್ಟುಕೊಳ್ಳಿ. ಶಿಕ್ಷಕರ ಪಿಂಚಣಿ ನಿಧಿಗೆ ಡಿಸ್ಟ್ರಿಕ್ಟ್ ಕಟ್ಟಬೇಕಾದ ಪಾಲು 19.1 ಪರ್ಸೆಂಟ್, ಅಂದರೆ 15,280. ಮೆಡಿಕೇರ್ 1.45 ಪರ್ಸೆಂಟ್, 1,160. ಆರೋಗ್ಯ ವಿಮೆಗೆ 14,000 ಅಂದುಕೊಂಡರೆ ಒಟ್ಟು 1,10,440 ಡಾಲರ್. ಅಪಘಾತ ವಿಮೆ, ನಿರುದ್ಯೋಗ ವಿಮೆ ಇನ್ನೂ ಸೇರಿಲ್ಲ. ಸಂಬಳವನ್ನಷ್ಟೇ ನೋಡಿ ಗುರಿ ಇಟ್ಟ ಫೌಂಡೇಶನ್‌ಗೆ ಮೊದಲ ವರ್ಷವೇ ಸುಮಾರು ಮೂವತ್ತು ಸಾವಿರ ಕಡಿಮೆ ಬೀಳುತ್ತದೆ.

ಪೂರ್ತಿ ಹುದ್ದೆ ಆಗದು, ವಾರಕ್ಕೆ ಎರಡು ದಿನ ಸಾಕು ಅಂದರೆ ಅದು 0.4 ಹುದ್ದೆ, 44,176 ಡಾಲರ್. 45 ನಿಮಿಷದ ಪೀರಿಯಡ್ ದಿನಕ್ಕೆ ಆರು ಹಿಡಿದರೆ ಎರಡು ದಿನಕ್ಕೆ ಹನ್ನೆರಡು. ಶಾಲೆಯಲ್ಲಿ 24 ತರಗತಿಗಳಿದ್ದರೆ ಪ್ರತಿ ಮಗುವಿಗೂ ಸಂಗೀತ ಸಿಗುವುದು ಎರಡು ವಾರಕ್ಕೊಮ್ಮೆ. ಸೋಮವಾರದ ರಜೆಗಳು ಹೆಚ್ಚಿರುವುದರಿಂದ ಸಂಗೀತದ ದಿನ ಸೋಮವಾರವಾದರೆ ಆ ಸಾಲಿನ ತರಗತಿಗಳಿಗೆ ಇನ್ನೂ ಕಡಿಮೆ. ದೇಣಿಗೆ ಕೊಟ್ಟವರು ‘ವರ್ಷಕ್ಕೆ ಒಂದು ಮಗುವಿಗೆ ಎಷ್ಟು ಪೀರಿಯಡ್’ ಅಂತ ಕೇಳಬೇಕು, ‘ಎಷ್ಟು ಮಕ್ಕಳಿಗೆ ತಲುಪಿತು’ ಅಂತಲ್ಲ. ಎರಡನೆಯ ಸಂಖ್ಯೆ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ.

ಹಣ ಯಾವಾಗ ಕೈಗೆ ಬಂತು ಅನ್ನುವುದು ಎಷ್ಟು ಬಂತು ಅನ್ನುವಷ್ಟೇ ಮುಖ್ಯ, ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ವರ್ಷ ಹುದ್ದೆ ಇಲ್ಲದಿರಬಹುದಾದ ಶಿಕ್ಷಕರಿಗೆ ಮಾರ್ಚ್ 15ರೊಳಗೆ ನೋಟಿಸ್ ಹೋಗಲೇಬೇಕು. ಹಾಗಾಗಿ ಫೌಂಡೇಶನ್ ತನ್ನ ಮಾತನ್ನು ಫೆಬ್ರವರಿಯಲ್ಲೇ ಕೊಡಬೇಕು. ವಸಂತದ ಗಾಲಾ ಊಟದಲ್ಲಿ ಎತ್ತುವ ಹಣವನ್ನು ನಂಬಿ ಫೆಬ್ರವರಿಯಲ್ಲಿ ಮಾತು ಕೊಟ್ಟರೆ, ಅದು ಇನ್ನೊಬ್ಬರ ಕೆಲಸವನ್ನು ಪಣಕ್ಕಿಟ್ಟ ಹಾಗೆ. ಗಟ್ಟಿಯಾದ ಫೌಂಡೇಶನ್‌ಗಳು ಈ ವರ್ಷ ಎತ್ತಿದ್ದನ್ನು ಮುಂದಿನ ವರ್ಷ ಖರ್ಚು ಮಾಡುತ್ತವೆ. ಆ ಒಂದು ವರ್ಷದ ಅಂತರವನ್ನು ಕಟ್ಟಿಕೊಳ್ಳುವುದು ಕಷ್ಟ, ಒಮ್ಮೆ ಕಟ್ಟಿಕೊಂಡರೆ ಮತ್ತೆ ಮುಟ್ಟಬಾರದು.

ದತ್ತಿನಿಧಿ ಮಾಡಿಬಿಡೋಣ, ಬಡ್ಡಿಯಲ್ಲಿ ನಡೆಯಲಿ ಎಂಬ ಸಲಹೆ ಪ್ರತಿ ಸಭೆಯಲ್ಲೂ ಯಾರೋ ಒಬ್ಬರಿಂದ ಬರುತ್ತದೆ. ಮೂರು ವರ್ಷದ ಸರಾಸರಿ ಮೌಲ್ಯದ 4 ಪರ್ಸೆಂಟ್‌ನಷ್ಟು ವರ್ಷಕ್ಕೆ ತೆಗೆಯುವುದು ರೂಢಿ. ಹತ್ತು ಲಕ್ಷ ಡಾಲರ್ ಕೂಡಿಟ್ಟರೆ ಬರುವುದು 40,000. ಮೇಲೆ ಹೇಳಿದ ಎರಡು ದಿನದ ಸಂಗೀತ ಶಿಕ್ಷಕರಿಗೂ ಅದು ಸಾಲುವುದಿಲ್ಲ.

2022ರ ನವೆಂಬರಿನಲ್ಲಿ ಪಾಸಾದ ಪ್ರೊಪೊಸಿಶನ್ 28 ಈ ಲೆಕ್ಕವನ್ನು ಸ್ವಲ್ಪ ಬದಲಿಸಿದೆ. ಕಲೆ ಮತ್ತು ಸಂಗೀತಕ್ಕೆಂದೇ ರಾಜ್ಯ ಪ್ರತಿ ವರ್ಷ ಹಣ ತೆಗೆದಿಡಬೇಕು. ಅದರಲ್ಲಿ 70 ಪರ್ಸೆಂಟ್ ಮಕ್ಕಳ ಸಂಖ್ಯೆಗೆ ತಕ್ಕಂತೆ, 30 ಪರ್ಸೆಂಟ್ ಬಡ ಮಕ್ಕಳ ಸಂಖ್ಯೆಗೆ ತಕ್ಕಂತೆ ಹಂಚಿಕೆ. 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಡಿಸ್ಟ್ರಿಕ್ಟ್‌ಗಳು ಅದರ 80 ಪರ್ಸೆಂಟನ್ನು ಸಿಬ್ಬಂದಿಗೇ ಬಳಸಬೇಕು. ಹಳೆಯ ಖರ್ಚಿನ ಜಾಗ ತುಂಬಲು ಅಲ್ಲ, ಅದರ ಮೇಲೆ ಸೇರಿಸಲು. ಇದುವರೆಗೆ ಸಂಗೀತಕ್ಕೇ ಅಂಟಿಕೊಂಡಿದ್ದ ಫೌಂಡೇಶನ್‌ಗಳು ಈಗ ಡಿಸ್ಟ್ರಿಕ್ಟ್‌ನ ಕಲಾ ಯೋಜನೆಯನ್ನು ಪಕ್ಕದಲ್ಲಿಟ್ಟುಕೊಂಡೇ ತಮ್ಮ ಬಜೆಟ್ ಬರೆಯಬೇಕು.

ಹೊರಗಿನ ಕಲಾವಿದರನ್ನು ಆರು ವಾರಕ್ಕೆ ಕರೆಸುವುದಾದರೆ ಸಂಭಾವನೆಯ ಜೊತೆಗೆ ಬೆರಳಚ್ಚು ತಪಾಸಣೆ, ಕ್ಷಯರೋಗದ ತಪಾಸಣೆ, ಡಿಸ್ಟ್ರಿಕ್ಟ್‌ನ ಹೆಸರೂ ಸೇರಿರುವ ವಿಮೆಯ ಪ್ರಮಾಣಪತ್ರ ಬೇಕಾಗುತ್ತವೆ. ಒಂಟಿಯಾಗಿ ಕೆಲಸ ಮಾಡುವ ಕಲಾವಿದರಲ್ಲಿ ವಿಮೆ ಇರುವುದು ಅಪರೂಪ. ಅದರ ಖರ್ಚನ್ನೂ ಗ್ರಾಂಟಿನಲ್ಲೇ ಸೇರಿಸುವುದು ಒಳ್ಳೆಯದು.

ಕೊಡುವವರ ಕಡೆಯ ನಿಯಮಗಳು ಕೆಲವನ್ನು ತಿಳಿದಿರಬೇಕು. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ದೇಣಿಗೆಗೆ ಚೆಕ್ಕಿನ ಪ್ರತಿ ಸಾಲದು. ಪ್ರತಿಯಾಗಿ ಏನಾದರೂ ಸಿಕ್ಕಿತೇ ಇಲ್ಲವೇ ಎಂದು ಬರೆದಿರುವ ರಸೀದಿ, ರಿಟರ್ನ್ ಫೈಲ್ ಮಾಡುವ ಮೊದಲೇ ಕೈಯಲ್ಲಿರಬೇಕು. 150 ಡಾಲರಿನ ಗಾಲಾ ಟಿಕೆಟ್‌ನಲ್ಲಿ ಊಟದ ಬೆಲೆ 60 ಆದರೆ ದಾನ 90 ಮಾತ್ರ. 75 ಡಾಲರ್ ಮೀರಿದ ಇಂಥ ಪಾವತಿಗೆ ಆ ವಿಂಗಡಣೆಯನ್ನು ಫೌಂಡೇಶನ್ನೇ ಬರೆದು ಕೊಡಬೇಕು. ನಿಮ್ಮ ಮಗುವಿನ ಸಂಜೆ ಕೋಡಿಂಗ್ ಕ್ಲಾಸಿಗೆ ಕಟ್ಟಿದ ಫೀ ಯಾರ ಹೆಸರಿಗೆ ಹೋದರೂ ದಾನವಲ್ಲ. 2026ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ಕಳೆಯಲು ಕಾನೂನೇ ಗೊತ್ತುಮಾಡಿದ ಮೊತ್ತ) ತೆಗೆದುಕೊಳ್ಳುವವರಿಗೂ ನಗದು ದಾನಕ್ಕೆ 1,000 ಡಾಲರ್, ದಂಪತಿಗೆ 2,000 ಡಾಲರ್‌ವರೆಗೆ ಕಡಿತ ಸಿಗುತ್ತದೆ. ಐಟಮೈಸ್ ಮಾಡುವವರಿಗೆ, ಅಂದರೆ ಒಂದೊಂದು ಕಡಿತವನ್ನೂ ಪಟ್ಟಿ ಮಾಡಿ ತೋರಿಸುವವರಿಗೆ, ತದ್ವಿರುದ್ಧ: ಆದಾಯದ 0.5 ಪರ್ಸೆಂಟ್ ಮೀರಿದ ಭಾಗಕ್ಕಷ್ಟೇ ಕಡಿತ.

ಐಟಿ ಕಂಪನಿಗಳಲ್ಲಿರುವವರು ಮರೆಯುವುದು ಕಂಪನಿಯ ಮ್ಯಾಚಿಂಗ್, ಅಂದರೆ ನೌಕರರ ದೇಣಿಗೆಗೆ ಜೊತೆಯಾಗಿ ಕಂಪನಿ ಕೊಡುವ ಹಣ. ಇದನ್ನು ನಡೆಸುವ ಬೆನೆವಿಟಿಯಂಥ ತಾಣದಲ್ಲಿ ಹುಡುಕುವಾಗ ಹೆಸರು ನೋಡಿ ಒತ್ತಬೇಡಿ, ತೆರಿಗೆ ಗುರುತಿನ ಸಂಖ್ಯೆ ನೋಡಿ. ಪಿಟಿಎ, ಬೂಸ್ಟರ್, ಫೌಂಡೇಶನ್ ಮೂರರ ಹೆಸರೂ ಒಂದೇ ಥರ ಇರುತ್ತವೆ. ಮ್ಯಾಚಿಂಗ್ ಹಣ ಕೆಲವು ತಿಂಗಳು ತಡವಾಗಿ ಬರುವುದರಿಂದ ಫೌಂಡೇಶನ್ ಕೂಡ ಬರುವ ತನಕ ಅದನ್ನು ಬಜೆಟ್ಟಿಗೆ ಸೇರಿಸಬಾರದು.

ಹಣ ಎತ್ತುವವರು ಗೊತ್ತಿಲ್ಲದೆ ಕಾನೂನು ಮೀರುವ ಜಾಗಗಳೂ ಇವೆ. ಅರ್ಧ ಹಣ ಗೆದ್ದವರಿಗೆ, ಅರ್ಧ ಶಾಲೆಗೆ ಅನ್ನುವ ಫಿಫ್ಟಿ-ಫಿಫ್ಟಿ ಲಾಟರಿ ಕ್ಯಾಲಿಫೋರ್ನಿಯಾದಲ್ಲಿ ಶಾಲೆಗಳಿಗೆ ನಿಷಿದ್ಧ. ರಾಫಲ್ (ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವುದು) ಸಂಗ್ರಹದ 90 ಪರ್ಸೆಂಟ್ ಸೇವಾ ಉದ್ದೇಶಕ್ಕೇ ಹೋಗಬೇಕು, ಮೊದಲೇ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಣಿಯೂ ಬೇಕು. ಇನ್ನೊಂದು, ಯಾರು ಎಷ್ಟು ಹಣ ಎತ್ತಿದರೋ ಅಷ್ಟು ಅವರ ಮಗುವಿನ ಖಾತೆಗೆ ಜಮೆ ಮಾಡುವುದು. ಬೂಸ್ಟರ್ ಕ್ಲಬ್‌ಗಳಲ್ಲಿ ಇದು ಬಹಳ. ವರ್ಜೀನಿಯಾದ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಇದೇ ಕಾರಣಕ್ಕೆ 2013ರಲ್ಲಿ ಟ್ಯಾಕ್ಸ್ ಕೋರ್ಟಿನಲ್ಲಿ ಸೋತು ತೆರಿಗೆ ವಿನಾಯಿತಿ ಕಳೆದುಕೊಂಡಿತು.

ಹಂಚಿಕೆಯ ಪ್ರಶ್ನೆ ಎಲ್ಲಕ್ಕಿಂತ ಬಿಸಿ. ಒಂದೇ ಡಿಸ್ಟ್ರಿಕ್ಟ್‌ನಲ್ಲಿ ಗುಡ್ಡದ ಮೇಲಿನ ಶಾಲೆ ಲಕ್ಷಗಟ್ಟಲೆ ಎತ್ತಿದರೆ, ರೈಲು ಹಳಿಯ ಪಕ್ಕದ ಶಾಲೆ ಕೆಲವು ಸಾವಿರ ಎತ್ತುತ್ತದೆ. ಸ್ಯಾಂಟಾ ಮೋನಿಕಾ-ಮಾಲಿಬು ಡಿಸ್ಟ್ರಿಕ್ಟ್ 2011ರಲ್ಲಿ ಸಿಬ್ಬಂದಿಗಾಗಿ ಎತ್ತುವ ಹಣವೆಲ್ಲ ಡಿಸ್ಟ್ರಿಕ್ಟ್ ಮಟ್ಟದ ಫೌಂಡೇಶನ್ ಮೂಲಕವೇ ಎಲ್ಲ ಶಾಲೆಗಳಿಗೂ ಹೋಗಬೇಕು ಎಂದು ನಿರ್ಧರಿಸಿತು. ಶ್ರೀಮಂತ ಮಾಲಿಬುವಿನ ಪೋಷಕರಿಂದ ದೊಡ್ಡ ವಿರೋಧವೇ ಬಂತು. ‘ನನ್ನ ಮಗುವಿನ ಶಾಲೆಗೆ ಕೊಟ್ಟದ್ದು ಅಲ್ಲಿಗೇ ಹೋಗಲಿ’ ಅನ್ನುವ ವಾದವನ್ನು ಒಪ್ಪಿದರೆ ಪಬ್ಲಿಕ್ ಶಾಲೆಯೊಳಗೇ ಖಾಸಗಿ ಶಾಲೆ ಹುಟ್ಟುತ್ತದೆ. ಕನಿಷ್ಠ ಸಿಬ್ಬಂದಿಯ ಸಂಬಳವಾದರೂ ಡಿಸ್ಟ್ರಿಕ್ಟ್ ಮಟ್ಟದಲ್ಲೇ ಇರಬೇಕು, ವಸ್ತುಗಳನ್ನು ಬೇಕಾದರೆ ಪಿಟಿಎಗಳು ನೋಡಿಕೊಳ್ಳಲಿ. ಕ್ರೀಡೆಯ ವಿಷಯದಲ್ಲಂತೂ ಆಯ್ಕೆಯೇ ಇಲ್ಲ: ಬೂಸ್ಟರ್ ಹಣದಿಂದ ಹುಡುಗರ ಬೇಸ್‌ಬಾಲ್ ಮೈದಾನಕ್ಕೆ ದೀಪ ಬಂದರೆ, ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಟೈಟಲ್ 9 ಕಾನೂನಿನ ಪ್ರಕಾರ ಹುಡುಗಿಯರಿಗೆ ಸಮಾನ ಸೌಲಭ್ಯ ಕೊಡುವ ಹೊಣೆ ಡಿಸ್ಟ್ರಿಕ್ಟ್‌ನದು. ಹಣ ಹೊರಗಿಂದ ಬಂತು ಅನ್ನುವ ಸಬೂಬು ನಡೆಯುವುದಿಲ್ಲ.

ಕೊಡುವ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಕೊಟ್ಟೋನು ಕೋಡಂಗಿ ಆಗಬಾರದಲ್ಲ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ತಾಣದ ಹುಡುಕಾಟದಲ್ಲಿ ಸಂಸ್ಥೆಯ ತೆರಿಗೆ ಸ್ಥಾನಮಾನ ಸಿಗುತ್ತದೆ. ಸತತ ಮೂರು ವರ್ಷ ಫೈಲಿಂಗ್ ಬಿಟ್ಟರೆ ಅದು ತಾನಾಗಿ ರದ್ದಾಗುತ್ತದೆ. ಸ್ವಯಂಸೇವಕರು ಬದಲಾಗುತ್ತಲೇ ಇರುವ ಸಣ್ಣ ಸಂಸ್ಥೆಗಳಲ್ಲಿ ಇದು ಆಗುವಂಥದ್ದೇ. ವರ್ಷಕ್ಕೆ 50,000 ಡಾಲರ್ ಒಳಗಿನ ಸಂಸ್ಥೆ ಪುಟ್ಟ 990-ಎನ್ ಕಾರ್ಡ್ ಮಾತ್ರ ಕಳಿಸುತ್ತದೆ, ಅದರಲ್ಲಿ ಲೆಕ್ಕ ಏನೂ ಕಾಣುವುದಿಲ್ಲ. ಅಂಥಲ್ಲಿ ಖಜಾಂಚಿಯನ್ನೇ ಕೇಳಬೇಕು. ದೊಡ್ಡವುಗಳ ವಾರ್ಷಿಕ ತೆರಿಗೆ ವಿವರವಾದ ಫಾರ್ಮ್ 990ರಲ್ಲಿ ನೋಡಬೇಕಾದ್ದು ಮೂರು ಜಾಗ: ಒಟ್ಟು ಸಂಗ್ರಹದಲ್ಲಿ ಡಿಸ್ಟ್ರಿಕ್ಟ್‌ಗೆ ಹೋದ ಗ್ರಾಂಟ್ ಎಷ್ಟು, ಗಾಲಾದಂಥ ಕಾರ್ಯಕ್ರಮಗಳಲ್ಲಿ ಖರ್ಚು ಕಳೆದು ಉಳಿದದ್ದೆಷ್ಟು, ವರ್ಷದ ಕೊನೆಗೆ ಕೈಯಲ್ಲಿರುವುದು ಎಷ್ಟು ತಿಂಗಳ ಬದ್ಧತೆಗೆ ಸಾಕು. ಅದಾದ ಮೇಲೆ ಸ್ಕೂಲ್ ಬೋರ್ಡಿನ ಸಭಾ ನಡಾವಳಿ ತೆಗೆದು, ಫೌಂಡೇಶನ್ ಕೊಟ್ಟೆ ಅನ್ನುವ ಮೊತ್ತವೂ ಬೋರ್ಡ್ ಸ್ವೀಕರಿಸಿದ ಮೊತ್ತವೂ ಒಂದೇ ಇದೆಯೇ ನೋಡಿ. ಬೇರೆ ಇದ್ದರೆ ಹೆಚ್ಚಿನ ಸಲ ಕಳ್ಳತನ ಇರುವುದಿಲ್ಲ, ಎರಡು ಹಣಕಾಸು ವರ್ಷಗಳ ನಡುವೆ ಸಿಕ್ಕಿಕೊಂಡ ಚೆಕ್ಕು ಇರುತ್ತದೆ. ಆದರೂ ಯಾವ ವರ್ಷಕ್ಕೆ ಸೇರಿದ್ದು ಅಂತ ಬರವಣಿಗೆಯಲ್ಲಿ ಕೇಳಿ.